ಗೆರೆಯ ಮೆಷಿನಿನಿಂದ ಎದ್ದ ವಿಮಾನ

ನನ್ನ ವಿಮಾನಗಳು ಹಾರುವುದಿಲ್ಲ ಎಂದು ಮೂಡುಬಿದಿರೆಯಲ್ಲಿ ಎರಡು ಸಲ ಹೇಳಿಸಿಕೊಂಡು ಬಂದವಳು ನಾನು. ಅಲ್ಲಿ ವರ್ಷಕ್ಕೊಮ್ಮೆ ಕಲಾಪ್ರದರ್ಶನ ನಡೆಯುತ್ತದೆ. ಅದಕ್ಕೆ ಚಿತ್ರಗಳನ್ನು ಆರಿಸುವ ಹಿರಿಯರು ಕನ್ನಡಕವನ್ನು ಹಣೆಗೆ ಏರಿಸಿ, "ಕೆತ್ತನೆ ಒಳ್ಳೆದುಂಟು ಟೀಚರ್. ಆದರೆ ವಿಮಾನ ನಿಂತಲ್ಲೇ ನಿಂತಿದೆ" ಎಂದಿದ್ದರು. ಮರುವರ್ಷವೂ ಅದೇ ಕನ್ನಡಕ, ಅದೇ ಮಾತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ಹೇಳಿದ್ದು ನಿಜವಾಗಿದ್ದರಿಂದ ಸಿಟ್ಟು ಇನ್ನಷ್ಟು ಹೆಚ್ಚಿತು.

ಬಂಟ್ವಾಳದ ಶಾಲೆಯೊಂದರಲ್ಲಿ ಬಹಳ ಕಾಲ ಚಿತ್ರಕಲೆ ಕಲಿಸಿದೆ. ನಿವೃತ್ತಿಯಾದ ಮೇಲೆ ಲಿನೋ ಎಂಬ ದಪ್ಪ, ಮೆತ್ತನೆಯ ಹಾಳೆಯಲ್ಲಿ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಅಚ್ಚೊತ್ತುವ ಹುಚ್ಚು ಹಿಡಿಯಿತು. ವಿಷಯ ಮಾತ್ರ ಒಂದೇ, ಮೊದಲನೆಯ ಮಹಾಯುದ್ಧದ ವಿಮಾನಗಳು. ಯುದ್ಧವಿಮಾನ ಯಾಕೆ, ನೇತ್ರಾವತಿ ನದಿಯನ್ನು ಬಿಡಿಸಬಹುದಲ್ಲ ಎಂದವರಿದ್ದಾರೆ. ನೇತ್ರಾವತಿ ಮಳೆಗಾಲದಲ್ಲಿ ಕರೆಯದೆಯೇ ಪೇಟೆಗೆ ಬಂದು ಅಂಗಡಿಗಳ ಒಳಗೆ ನಿಲ್ಲುತ್ತಾಳೆ. ಅವಳನ್ನು ಗೋಡೆಗೆ ಬೇರೆ ತೂಗುಹಾಕಬೇಕೇ?

ಮರದ ಪಟ್ಟಿ, ಬಟ್ಟೆ, ಅಂಟು, ತಂತಿ. ಆಗಿನ ವಿಮಾನ ಅಂದರೆ ಇಷ್ಟೇ. ನಮ್ಮ ಮದುವೆ ಚಪ್ಪರ ಅದಕ್ಕಿಂತ ಗಟ್ಟಿ ಇರುತ್ತದೆ. ಅಂಥದ್ದರಲ್ಲಿ ಕೂತು ಇಪ್ಪತ್ತರ ಹುಡುಗರು ಗುಂಡುಗಳ ನಡುವೆ ಹಾರಿದರು. ಎಷ್ಟು ಮಂದಿಯನ್ನು ಉರುಳಿಸಿದರು ಎಂಬ ಶೌರ್ಯ ನನಗೆ ಬೇಡ. ಈ ಸಲ ನಾನು ಕೆತ್ತಿದ್ದು ಬೇರೆ ಬಗೆಯವನನ್ನು. ವಿಮಾನಕ್ಕೆ ಏಟು ಬಿದ್ದು ಅದು ಒಂದು ಪಕ್ಕಕ್ಕೆ ವಾಲಿದೆ. ನಡೆಸುವವನಿಗೆ ಗಾಯವಾಗಿದೆ. ಹಿಂದಿನ ಸೀಟಿನಲ್ಲಿದ್ದವನು ಹೊರಗೆ ಬಂದು, ಜೋಡಿ ರೆಕ್ಕೆಗಳಲ್ಲಿ ಕೆಳಗಿನದರ ಮೇಲೆ ಕವುಚಿ ಮಲಗಿ, ತನ್ನ ಮೈಭಾರದಿಂದಲೇ ವಿಮಾನವನ್ನು ಸಮ ಮಾಡುತ್ತಿದ್ದಾನೆ. ಗೆಳೆಯನನ್ನು ಮನೆಗೆ ಮುಟ್ಟಿಸುವ ಈ ಹಟ ನನಗೆ ಪ್ರಾಣ.

ಈ ಸಲವೂ ಬೇಡವೆಂದರೆ ಉಳಿಗಳನ್ನು ಕಟ್ಟಿ ಅಟ್ಟಕ್ಕೆ ಹಾಕುವುದೆಂದು ತೀರ್ಮಾನಿಸಿದ್ದೆ. ನಮ್ಮ ಮನೆಯ ಅಟ್ಟಕ್ಕೆ ಹೋದ ಯಾವ ವಸ್ತುವೂ ಈವರೆಗೆ ಕೆಳಗಿಳಿದಿಲ್ಲ. ಅಷ್ಟು ದಿನ ಅಚ್ಚೊತ್ತುತ್ತಿದ್ದದ್ದು ಸೌಟಿನ ಬೆನ್ನಿನಿಂದ ಕಾಗದವನ್ನು ಉಜ್ಜಿ. ಒತ್ತಡ ಸಾಲದೆ ಚಿತ್ರ ಸಪ್ಪೆಯಾಗುತ್ತಿತ್ತು. ಆಗ ನೆನಪಾದದ್ದು ರಬ್ಬರ್ ತೋಟವಿರುವ ನಾದಿನಿಯ ಮನೆಯಲ್ಲಿ, ಹೆಪ್ಪುಗಟ್ಟಿದ ರಬ್ಬರ್ ಹಾಲನ್ನು ಶೀಟಾಗಿ ಒತ್ತುವ ಮೆಷಿನ್. ಎರಡು ಕಬ್ಬಿಣದ ರೋಲರ್, ಪಕ್ಕದಲ್ಲಿ ತಿರುಗಿಸುವ ಹಿಡಿ. ದೊಡ್ಡ ಊರಿನ ಕಲಾವಿದರ ಅಚ್ಚಿನ ಯಂತ್ರವೂ ಇದಕ್ಕಿಂತ ಹೆಚ್ಚೇನಲ್ಲ.

ಚಿತ್ರ ತಲುಪಿಸಬೇಕಾದ ದಿನಕ್ಕೆ ಮುಂಚಿನ ದಿನ ಪುಂಜಾಲಕಟ್ಟೆಯಲ್ಲಿ ಬಸ್ಸಿಳಿದು ಅವಳ ಮನೆಗೆ ಹೋದೆ. ಶೆಡ್ಡಿನಲ್ಲಿ ಎರಡು ಮೆಷಿನ್‌ಗಳಿವೆ. ಒಂದು ನುಣ್ಣಗಿನದು, ಅದರಲ್ಲಿ ರಬ್ಬರ್ ತೆಳ್ಳಗಾಗುತ್ತದೆ. ಇನ್ನೊಂದು ಗೆರೆಯದ್ದು, ಶೀಟಿನ ಮೇಲೆ ಓರೆ ಗೆರೆಗಳನ್ನು ಮೂಡಿಸುವುದು. ನುಣ್ಣಗಿನದನ್ನು ಇಬ್ಬರೂ ಸೇರಿ ತೊಳೆದು ಒರೆಸಿದೆವು. ನಾದಿನಿ ಕೆತ್ತಿದ ಹಾಳೆಯನ್ನು ಬಗ್ಗಿ ನೋಡಿ, ರೆಕ್ಕೆಯ ಮೇಲಿದ್ದವನಿಗೆ ಬೆರಳು ತೋರಿಸಿದಳು.

"ಅತ್ತಿಗೆ, ಇವ ಬೀಳ್ತಾನಾ?"

"ನೀನು ಗಟ್ಟಿ ಒತ್ತಿದರೆ ಬೀಳುದಿಲ್ಲ" ಎಂದೆ.

ಮೊದಲ ಕೆಲವು ಅಚ್ಚುಗಳು ಹಾಳಾದವು. ಒಂದರಲ್ಲಿ ಕಾಗದ ಜಾರಿತು, ಇನ್ನೊಂದರಲ್ಲಿ ಮಸಿ ಹೆಚ್ಚಾಯಿತು. ಕೊನೆಗೆ ಒಳ್ಳೆಯ ಕಾಗದ ಒಂದೇ ಉಳಿಯಿತು. ಅದನ್ನು ಮಸಿ ಬಳಿದ ಹಾಳೆಯ ಮೇಲಿಟ್ಟು, ಮೇಲೊಂದು ತೆಳು ಬಟ್ಟೆ ಹೊದಿಸಿ ನಾದಿನಿಯಿಂದ ಒತ್ತಿಸಿದೆ. ಮೂಲೆಯನ್ನು ಸ್ವಲ್ಪ ಎತ್ತಿ ನೋಡಿದರೆ ಆಕಾಶ ಇನ್ನೂ ಮಸುಕು. "ಇನ್ನೊಂದು ಸಲ ಒತ್ತು" ಎಂದು ಹೇಳಿ, ಕೈ ತೊಳೆಯಲು ನಲ್ಲಿಯ ಹತ್ತಿರ ಹೋದೆ.

ಬಂದು ನೋಡಿದರೆ ಅವಳು ಗೆರೆಯ ಮೆಷಿನಿನ ಮುಂದೆ ನಿಂತಿದ್ದಾಳೆ. ನನ್ನ ಚಿತ್ರ ಆಚೆ ಬದಿಯಿಂದ ಹೊರಗೆ ಬರುತ್ತಿದೆ!

"ಅಯ್ಯೋ, ಎಂತ ಮಾಡಿದ್ದು ಮಾರಾಯ್ತಿ ನೀನು!" ನನ್ನ ಕೂಗಿಗೆ ಅಂಗಳದ ಕೋಳಿಗಳು ಚದುರಿದವು.

ಅವಳು ಹಿಡಿ ಬಿಟ್ಟು ಹಿಂದೆ ಸರಿದಳು. "ನೀವೇ ಹೇಳಿದ್ದಲ್ವಾ ಇನ್ನೊಂದು ಸಲ ಅಂತ? ದಿನಾಲೂ ಅದರಲ್ಲಿ ಆದ ಮೇಲೆ ಇದರಲ್ಲೇ ಹಾಕುದು. ಕೈ ತಾನಾಗಿ ಇಲ್ಲಿಗೇ ಬಂತು."

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಳುವೂ ಬಂತು. ಹಾಳಾದದ್ದು ಎಷ್ಟು ಹಾಳಾಗಿದೆ ನೋಡುವ ಎಂದು ಕಾಗದವನ್ನು ಎಳೆದು ಬಿಡಿಸಿದೆ.

ಗೆರೆಗಳು ಬಟ್ಟೆಯನ್ನೂ ದಾಟಿ ಒತ್ತಿದ್ದವು, ಒತ್ತಿದಲ್ಲೆಲ್ಲ ಮಸಿ ಕಾಗದಕ್ಕೆ ಗಟ್ಟಿಯಾಗಿ ಹತ್ತಿತ್ತು. ಮಸುಕಾಗಿದ್ದ ಆಕಾಶದ ತುಂಬ ಓರೆಯಾಗಿ ಕಪ್ಪು ಗೆರೆಗಳು ಓಡಿದ್ದವು. ಕೇವಲ ಕಾಗದವಾಗಿದ್ದ ಜಾಗದಲ್ಲಿ ಈಗ ಗಾಳಿ ಬೀಸುತ್ತಿತ್ತು, ಆ ಗಾಳಿಯನ್ನು ಸೀಳಿಕೊಂಡು ವಿಮಾನ ಮುಂದಕ್ಕೆ ಹೋಗುತ್ತಿತ್ತು. ರೆಕ್ಕೆಯ ಮೇಲೆ ಸುಮ್ಮನೆ ಮಲಗಿದ್ದವನು ಈಗ ಜೀವ ಬಿಗಿಹಿಡಿದು ಕಚ್ಚಿಕೊಂಡಿದ್ದ. ನಾದಿನಿಯನ್ನು ತಬ್ಬಿಕೊಂಡೆ. ಒಂದು ನಿಮಿಷದ ಹಿಂದೆ ಬೈಸಿಕೊಂಡಿದ್ದ ಅವಳು, ಇವರಿಗೆ ಏನೋ ಆಗಿದೆ ಎಂಬಂತೆ ನನ್ನನ್ನು ನೋಡಿದಳು.

ಆ ರಾತ್ರಿಯಿಡೀ ಚಿತ್ರವು ರಬ್ಬರ್ ಶೀಟುಗಳನ್ನು ಹೊಗೆಯಲ್ಲಿ ಒಣಗಿಸುವ ಹೊಗೆಮನೆಯ ಹೊರಗೋಡೆಯಲ್ಲಿ, ಶೀಟುಗಳ ನೆರೆಯಲ್ಲಿ ಒಣಗಿತು. ಮರುದಿನ ನಾವಿಬ್ಬರೂ ಅದನ್ನು ಮೂಡುಬಿದಿರೆಗೆ ಕೊಂಡೊಯ್ದೆವು. ಹಿರಿಯರು ಕನ್ನಡಕವನ್ನು ಹಣೆಗೆ ಏರಿಸಿದರು. ಮತ್ತೆ ಕಣ್ಣಿಗೆ ಇಳಿಸಿಕೊಂಡರು.

"ಹಾರ್ತಾ ಉಂಟಲ್ಲ ಟೀಚರ್!" ಎಂದರು. "ಈ ಗಾಳಿಯನ್ನು ಹೇಗೆ ತಂದ್ರಿ?"

ನಾನು ದೊಡ್ಡದೊಂದು ವಿವರಣೆಗೆ ಬಾಯಿ ತೆರೆಯುವಷ್ಟರಲ್ಲಿ ನಾದಿನಿ, "ಅದು ನಮ್ಮ ರಬ್ಬರ್ ಶೀಟಿನ ಗೆರೆ" ಎಂದುಬಿಟ್ಟಳು. ಹಿರಿಯರು ಮನಸಾರೆ ನಕ್ಕರು.

ಪ್ರದರ್ಶನದ ದಿನ ನನ್ನ ವಿಮಾನ ಬಾಗಿಲು ದಾಟಿದ ಕೂಡಲೇ ಕಾಣುವ ಗೋಡೆಯಲ್ಲಿತ್ತು. ಹತ್ತಿರ ಹೋದರೆ ತೆಳುವಾಗಿ ಹೊಗೆಯ ವಾಸನೆ. ನಾನು ಗೆದ್ದೆ ಎಂದು ಕೂಗಬೇಕೆನಿಸಿತು, ವಯಸ್ಸು ನೋಡಿ ಸುಮ್ಮನಾದೆ. ಶಾಲೆಯ ಮಕ್ಕಳ ಸಾಲು ಚಿತ್ರದ ಮುಂದೆ ನಿಂತಿತ್ತು. ಒಬ್ಬಳು ಪುಟ್ಟಿ ರೆಕ್ಕೆಯ ಮೇಲಿದ್ದವನನ್ನೇ ನೋಡುತ್ತಾ, "ಟೀಚರ್, ಇವ ಬಿದ್ದು ಸಾಯ್ತಾನಾ?" ಎಂದು ಗಾಬರಿಯಿಂದ ಕೇಳಿದಳು.

ಜೊತೆಗೆ ಬಂದಿದ್ದ ಅವಳ ಟೀಚರ್ ಚಿತ್ರದ ಹತ್ತಿರಕ್ಕೆ ಬಗ್ಗಿದರು. ಹೊಸ ಸೀರೆ ಉಟ್ಟು ಚಿತ್ರದ ಕಾವಲಿಗೆ ನಿಂತಂತಿದ್ದ ನನ್ನ ನಾದಿನಿ ಪುಟ್ಟಿಯ ಭುಜದ ಮೇಲೆ ಕೈಯಿಟ್ಟಳು.

"ಬೀಳುದಿಲ್ಲ ಮಗಾ" ಎಂದಳು. "ನಾನೇ ಒತ್ತಿದ್ದು."