ದೊರೆಯ ಕಾರಿಗೆ ಹೋದ ಕಾಚಂಪುಳಿ

ಯುದ್ಧ ನಡೆಯುತ್ತಿದ್ದ ಕಾಲ. ಪೆಟ್ರೋಲಿಗೂ ರೇಷನ್ ಬಂದಿತ್ತು. ನನ್ನ ದೊಡ್ಡ ಮಗಳು ಆಗ ಹೊಟ್ಟೆಯಲ್ಲಿದ್ದಳು, ದಿನ ತುಂಬುತ್ತಾ ಬಂದಿತ್ತು. ಹುತ್ತರಿ ಹಬ್ಬ ಹತ್ತಿರವಿತ್ತು. ಅದಕ್ಕೇ ಯಾವ ಕಾಲ ಅಂತ ಮರೆತಿಲ್ಲ.

ನಾವಿದ್ದದ್ದು ಮಾದಾಪುರದ ಹತ್ತಿರ, ಒಬ್ಬ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ. ನನ್ನ ಗಂಡ ಚೆನ್ನಪ್ಪ ಆ ದೊರೆಯ ಡ್ರೈವರ್. ನಾನು ಬಂಗಲೆಯಲ್ಲಿ ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ನೀರು ಹೊರುವುದು ಮಾಡುತ್ತಿದ್ದೆ. ಕಾರು ಶೆಡ್ಡಿಗೆ ಅಂಟಿಕೊಂಡ ಒಂದು ಕೋಣೆ ನಮಗೆ ಕೊಟ್ಟಿದ್ದರು. ಡ್ರೈವರ್ ಕೆಲಸ ಇದ್ದರೆ ಕೋಣೆ. ಕೆಲಸ ಹೋದರೆ ಕೋಣೆಯೂ ಹೋಯಿತು.

ಕಾರು ಎಂದರೆ ಇಬ್ಬರೇ ಕೂರುವ ಗಿಡ್ಡ ಕಾರು. ಓಟದ ಪಂದ್ಯಕ್ಕೆ ಮಾಡಿದ್ದಂತೆ. ಮೇಲೆ ಕ್ಯಾನ್ವಾಸಿನ ಹೊದಿಕೆ. ಇಂಗ್ಲೆಂಡಿಗೆ ವಾಪಸು ಹೋದ ಇನ್ನೊಬ್ಬ ದೊರೆಯಿಂದ ಕೊಂಡದ್ದು, ಆಗಲೇ ಹಳೆಯದು. ಒಳಗೆ ಕಾಲಿಡುವ ಜಾಗದ ಮೇಲೆ ಒಂದು ತಗಡಿನ ಪೆಟ್ಟಿಗೆ ಇತ್ತು. ಎಂಜಿನಿನಲ್ಲಿ ಕಾದ ನೀರು ರಬ್ಬರ್ ಪೈಪಿನಲ್ಲಿ ಆ ಪೆಟ್ಟಿಗೆಗೆ ಬಂದು, ಒಳಗಿನ ಸಣ್ಣ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುತ್ತಿ, ತಿರುಗಿ ಎಂಜಿನಿಗೆ ಹೋಗುತ್ತಿತ್ತು. ಹಿಂದೆ ಒಂದು ಪುಟ್ಟ ಫ್ಯಾನು. ಅದು ತಿರುಗಿದರೆ ಕಾಲಿಗೆ ಬಿಸಿ ಗಾಳಿ. ನಮ್ಮ ಕಡೆ ಅಂಥದ್ದು ಬೇರೆ ಯಾವ ಕಾರಿನಲ್ಲೂ ಇರಲಿಲ್ಲ ಎಂದು ಇವರು ಹೇಳುತ್ತಿದ್ದರು. ತಮ್ಮದೇ ಕಾರೇನೋ ಎನ್ನುವ ಹಾಗೆ.

ಆ ಮಳೆಗಾಲದಲ್ಲಿ ದೊರೆಗೆ ಚಳಿಜ್ವರ ಬಂತು. ಬಿಟ್ಟು ಬಿಟ್ಟು ಬಂದು ಆಳು ಅರ್ಧವಾದ. ವಾರಕ್ಕೊಮ್ಮೆ ಮಡಿಕೇರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ಮಳೆ ನಿಂತ ಮೇಲೆ, ಹೊತ್ತು ಏರುವವರೆಗೆ ಮಂಜು. ಕಾರಿನ ಪೆಟ್ಟಿಗೆಯಲ್ಲಿ ಅಷ್ಟರಲ್ಲೇ ಬಿಸಿ ಕಡಿಮೆಯಾಗಿ, ಕೊನೆಗೆ ಬಾಯಿಂದ ಊದಿದಷ್ಟೂ ಬರುತ್ತಿರಲಿಲ್ಲ. ಹೋಗಿ ಬಂದ ದಿನ ದೊರೆ ಹಲ್ಲು ಕಟಕಟ ಎನ್ನಿಸುತ್ತಾ ಇಳಿಯುತ್ತಿದ್ದ. ಒಂದು ದಿನ ಮೆಟ್ಟಿಲಲ್ಲೇ ನಿಂತು, ಮುಂದಿನ ಶನಿವಾರದೊಳಗೆ ಬಿಸಿ ಬರದಿದ್ದರೆ ಕಾರನ್ನು ಮೈಸೂರಿಗೆ ಕಳಿಸಿ ಮಾರುತ್ತೇನೆ, ನೀನು ಬೇರೆ ಕೆಲಸ ನೋಡಿಕೋ ಎಂದು ಇವರಿಗೆ ಹೇಳಿಬಿಟ್ಟ.

ಬಿಸಿ ಯಾಕೆ ಹೋಯಿತು ಎಂದು ಇವರಿಗೆ ಗೊತ್ತಿತ್ತು. ಮಳೆಗಾಲದ ಮೊದಲು ಎಂಜಿನಿನ ನೀರು ತಣಿಸುವ ರೇಡಿಯೇಟರ್ ಸೋರುತ್ತಿತ್ತು. ಆಗಿನ ಡ್ರೈವರುಗಳೆಲ್ಲ ಮಾಡುವ ಹಾಗೆ ಇವರೂ ನನ್ನಿಂದ ಒಂದು ಮುಷ್ಟಿ ಅರಿಶಿನದ ಪುಡಿ ಇಸಕೊಂಡು ಹೋಗಿ ಅದರೊಳಗೆ ಸುರಿದಿದ್ದರು. ಸೋರುವುದು ನಿಂತಿತು. ಆದರೆ ಅರಿಶಿನಕ್ಕೆ ಯಾವುದು ತೂತು, ಯಾವುದು ದಾರಿ ಎಂದು ಗೊತ್ತಾಗುತ್ತದೆಯೇ? ಅದೇ ನೀರಿನ ಜೊತೆ ಪೆಟ್ಟಿಗೆಯ ಸಣ್ಣ ಕೊಳವೆಗಳಲ್ಲಿ ಹೋಗಿ ಕೂತಿತು. ಮೊದಲೇ ಅಲ್ಲಿ ಕೆಂಪು ನೀರಿನ ಕಿಟ್ಟ ಕಟ್ಟಿತ್ತು.

ಇವರು ಪೆಟ್ಟಿಗೆ ಬಿಚ್ಚಿ ಅಂಗಳಕ್ಕೆ ತಂದರು. ಬಿಸಿನೀರು ಹೊಯ್ದರು, ಸೋಡ ಹಾಕಿದರು, ಬಾಯಿಟ್ಟು ಊದಿ ಕೆಮ್ಮಿದರು. ಒಂದು ತುದಿಯಲ್ಲಿ ಕೊಡ ಹೊಯ್ದರೆ ಇನ್ನೊಂದು ತುದಿಯಲ್ಲಿ ಹನಿ. ಆ ಕೊಡಗಳನ್ನೆಲ್ಲ ತೋಡಿನಿಂದ ಹತ್ತಿಸಿದ್ದು ನಾನು. ಕಾಲು ಊದಿ ಕಂಬದ ಹಾಗಾಗಿತ್ತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಚಳಿ ಆತನದು, ನೀರು ಹೊರುವುದು ನನ್ನದು ಎಂದು ಬೈದುಕೊಂಡೇ ಹೊತ್ತೆ.

ಬಾಣಂತನಕ್ಕೆಂದು ಭಾಗಮಂಡಲದ ಕಡೆಯಿಂದ ಅತ್ತೆ ಬಂದಿದ್ದರು. ಬರುವಾಗ ಒಂದು ಬಾಟಲಿ ಕಾಚಂಪುಳಿ ತಂದಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ. ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಕಾಡಿನ ಹುಳಿಹಣ್ಣು ಹೆಕ್ಕಬೇಕು, ರಸ ಇಳಿಸಬೇಕು, ಒಲೆ ಮುಂದೆ ಕೂತು ಕಾಯಿಸಿ ಕಾಯಿಸಿ ಬತ್ತಿಸಬೇಕು. ಬುಟ್ಟಿಗಟ್ಟಲೆ ಹಣ್ಣಿಗೆ ಒಂದು ಬಾಟಲಿ. ಅತ್ತೆಯ ಮಳೆಗಾಲವೆಲ್ಲ ಆ ಬಾಟಲಿಯಲ್ಲಿತ್ತು.

ಬಾಟಲಿಯ ಕುತ್ತಿಗೆಯಿಂದ ಇಳಿದ ಒಂದು ಹನಿ ಕೆಳಗಿದ್ದ ತಾಮ್ರದ ಚೊಂಬಿನ ಮೇಲೆ ಬಿದ್ದಿತ್ತು. ಬಿದ್ದಲ್ಲಿ ಚೊಂಬು ಹೊಸದರ ಹಾಗೆ ಹೊಳೆಯುತ್ತಿತ್ತು. ಇವರು ಚೊಂಬು ನೋಡಿದರು, ಬಾಟಲಿ ನೋಡಿದರು, ತಾಯಿಯ ಮುಖ ನೋಡಿದರು. ಅತ್ತೆಗೆ ಕೂಡಲೇ ಅರ್ಥವಾಯಿತು.

“ದೊರೆಗೆ ಚಳಿ ಆದ್ರೆ ಕಂಬಳಿ ಹೊದೀಲಿ. ನನ್ನ ಹುಳಿ ಎಂತಕ್ಕೆ?”

“ಕೆಲಸ ಹೋಗ್ತದೆ ಅಮ್ಮ.”

“ಹೋಗ್ಲಿ. ಕಾರಿಗೆ ಹಂದಿ ಸಾರು ಮಾಡುವವನನ್ನು ನಾನು ಎಲ್ಲೂ ಕಂಡಿಲ್ಲ.”

ನಾನು ಗೋಡೆ ಹಿಡಿದು ಎದ್ದೆ. “ಅತ್ತೆ, ಕೋಣೆ ಹೋದ್ರೆ ನಾನು ಹೆರುದು ಎಲ್ಲಿ? ಕಾಫಿ ಗಿಡದ ಬುಡದಲ್ಲಾ?” ಎಂದು ಕೇಳಿ, ಬಾಟಲಿ ತೆಗೆದು ಇವರ ಕೈಗೆ ಕೊಟ್ಟೆ. ಅತ್ತೆ ನನ್ನ ಹೊಟ್ಟೆ ನೋಡಿದರು, ಆಮೇಲೆ ಮುಖ ತಿರುಗಿಸಿಕೊಂಡರು.

ಇವರು ಹುಳಿಗೆ ಬಿಸಿನೀರು ಬೆರೆಸಿ ಪೆಟ್ಟಿಗೆಯೊಳಗೆ ತುಂಬಿ, ಎರಡು ತುದಿಗೂ ಬಟ್ಟೆ ತುರುಕಿ ಬಿಸಿಲಿಗೆ ಇಟ್ಟರು. ಮಾರನೆ ದಿನ ತೆಗೆದು, ನೀರು ಹೊರಗೆ ಬರುವ ಕಡೆಯಿಂದ ಹಿಂದುಮುಂದಾಗಿ ಹೊಯ್ದರು. ಮೊದಲು ಏನೂ ಇಲ್ಲ. ಆಮೇಲೆ ಗೊಳಕ್ ಎಂದು ಹಳದಿ ಕೆಸರು ಬಂತು. ಮಗುವಿನ ಕಕ್ಕದ ಹಾಗೆ ಎಂದರು ಅತ್ತೆ. ಮತ್ತೆ ಕೊಡ, ಮತ್ತೆ ಕೊಡ, ನೀರು ತಿಳಿಯಾಗುವ ತನಕ.

ಶುಕ್ರವಾರ ಸಂಜೆಗೆ ಪೆಟ್ಟಿಗೆ ಕೂರಿಸಿದರು. ಓಡಿಸುವವನ ಕಾಲು ಹೇಗೂ ಎಂಜಿನಿನ ಕಾವಿಗೆ ಬಿಸಿಯಾಗಿರುತ್ತದೆ, ದೊರೆ ಕೂರುವ ಕಡೆ ಯಾರಾದರೂ ಕೂತು ಹೇಳಬೇಕು ಎಂದರು. ಅತ್ತೆ ತಿರುಗಿಯೂ ನೋಡಲಿಲ್ಲ. ನಾನೇ ಕೂತೆ. ಅದುವರೆಗೆ ಕಾರಿನಲ್ಲಿ ಕೂತವಳಲ್ಲ. ಗೇಟಿನ ತನಕ ಏನೂ ಬರಲಿಲ್ಲ. ಎಸ್ಟೇಟಿನ ಏರು ಹತ್ತುವಾಗ ಹುಳಿ ವಾಸನೆ ಬಂತು, ಅದರ ಹಿಂದೆಯೇ ಬಿಸಿ. ಊದಿದ ಪಾದಕ್ಕೆ, ಮೊಣಕಾಲಿಗೆ. ಬಂತು ಎಂದು ಹೇಳಿದ್ದು ಗೊತ್ತು. ಆಮೇಲಿನದು ಗೊತ್ತಿಲ್ಲ.

ಮುಂದಿನದು ಇವರು ಹೇಳಿದ್ದು. ನಾನು ಬಾಯಿ ತೆರೆದು ನಿದ್ದೆ ಹೋಗಿದ್ದೆ. ಶೆಡ್ಡಿಗೆ ಬಂದರೆ ಅಲ್ಲಿ ದೊರೆ ಶಾಲು ಹೊದ್ದು ನಿಂತಿದ್ದಾನೆ. ಅವನ ಸೀಟಿನಲ್ಲಿ ಅವನ ಮನೆಯ ಪಾತ್ರೆ ತೊಳೆಯುವವಳು. ಆ ಸೀಟಿನಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನೂ ದೊರೆ ಕೂರಿಸಿದವನಲ್ಲ. ಎಬ್ಬಿಸೋಣವೆಂದರೆ ದೊರೆ ಆಗಲೇ ನನ್ನ ಕಡೆಯ ಬಾಗಿಲು ತೆಗೆದಿದ್ದ. ಬಗ್ಗಿ ನನ್ನ ಕಾಲಿನ ಹತ್ತಿರ, ಪೆಟ್ಟಿಗೆಯ ಮುಂದೆ ಕೈ ಹಿಡಿದ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ. ನನ್ನ ಮುಖ ನೋಡಿದ, ಹೊಟ್ಟೆ ನೋಡಿದ. ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದ.

“ಎಂಜಿನ್ ನಿಲ್ಲಿಸು, ಪೆಟ್ರೋಲ್ ಇಲ್ಲ,” ಎಂದ. ಎರಡು ಹೆಜ್ಜೆ ಹೋಗಿ ತಿರುಗಿ, “ನಾಳೆ ಆಸ್ಪತ್ರೆಗೆ ಬೇಗ ಹೊರಡಬೇಕು, ನೀನೇ ಬಾ,” ಎಂದ.

ಇವರು ಎಂಜಿನ್ ನಿಲ್ಲಿಸಿದರು. ಬಿಸಿ ಆರಿತು. ಚಳಿಯಾಗಿ ನನಗೆ ಎಚ್ಚರವಾಯಿತು.

ಕೋಣೆ ಉಳಿಯಿತು. ಮಗಳು ಅಲ್ಲೇ ಹುಟ್ಟಿದಳು. ಆ ಹುತ್ತರಿಗೆ ನಮ್ಮ ಹಂದಿ ಸಾರಿಗೆ ಹುಳಿ ಇರಲಿಲ್ಲ. ಅತ್ತೆ ಸಾಯುವ ತನಕ, ಯಾರ ಮನೆಯಲ್ಲಿ ಹಂದಿ ಸಾರು ಬಡಿಸಿದರೂ ಇದನ್ನು ಹೇಳದೆ ಉಣ್ಣಲಿಲ್ಲ.

ದೊರೆ ಒಳ್ಳೆಯವನಾ ಎಂದು ಮಕ್ಕಳು ಕೇಳಿದ್ದುಂಟು. ಬಾಗಿಲು ಮೆಲ್ಲಗೆ ಮುಚ್ಚಿದವನೂ ಅವನೇ, ಎಂಜಿನ್ ನಿಲ್ಲಿಸು ಎಂದವನೂ ಅವನೇ. ನನಗೆ ಅಷ್ಟೇ ಗೊತ್ತು. ಈಗ ಮೊಮ್ಮಗನ ಕಾರಿನಲ್ಲಿ ಗುಂಡಿ ಒತ್ತಿದರೆ ಬಿಸಿ ಬರುತ್ತದೆ. ಮಡಿಕೇರಿ ತಲುಪುವವರೆಗೆ ಮಲಗಿ ಅಜ್ಜಿ ಎನ್ನುತ್ತಾನೆ. ಕಾಲು ಮಾತ್ರ ಬಿಸಿಗೆ ಚಾಚುತ್ತೇನೆ. ಆವತ್ತು ನಿದ್ದೆಯಲ್ಲೇ ಆ ಬಿಸಿ ಆರಿಹೋಗಿತ್ತು, ಈಗ ಕಣ್ಣು ಮುಚ್ಚುವುದಿಲ್ಲ.