ಅಪ್ಪನಿಗೆ ಆದ ಮಂಗಳಾರತಿ

೧೯೭೫ನೆಯ ಇಸವಿ, ನನಗಾಗ ಇಪ್ಪತ್ತೊಂಬತ್ತು ವರ್ಷ. ಹೊಸದುರ್ಗದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತ, ತೆಂಗಿನ ತೋಟದ ಮಗ್ಗುಲಿನ ಬಾಡಿಗೆ ಕೋಣೆಯೊಂದರಲ್ಲಿ ಒಬ್ಬನೇ ಇದ್ದೆ. ಮಾರ್ಚ್ ತಿಂಗಳ ಒಂದು ಶುಕ್ರವಾರ ಸಂಜೆ ಶಾಲೆಯಿಂದ ಬಂದು ನೋಡಿದರೆ, ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನನ್ನ ಮೆಟ್ಟಿಲ ಮೇಲೆ ಕುಳಿತಿದ್ದರು. ಐಮಂಗಲದ ಆಚೆಯ ನಮ್ಮ ಹಳ್ಳಿಯಿಂದ ಅವರು ಒಬ್ಬರೇ ಅಷ್ಟು ದೂರ ಬಂದದ್ದು ಅದೇ ಮೊದಲು.

“ಏನಪ್ಪಾ, ಊರಲ್ಲಿ ಎಲ್ಲರೂ ಚೆನ್ನಾಗಿದ್ದಾರಾ?”

“ಚೆನ್ನಾಗವ್ರೆ. ನಿಮ್ಮವ್ವ ಅಂತೂ ಭಾಳ ಚೆನ್ನಾಗವ್ಳೆ. ಮಂಗಳಾರತಿ ತಟ್ಟೆ ಹಚ್ಕಂಡು ಬಾಗ್ಲಲ್ಲೇ ಕುಂತವ್ಳೆ. ಅದಕ್ಕೇ ನಾನು ಇತ್ಲಾಗೆ ಬಂದೆ.”

ನಡೆದದ್ದನ್ನು ಅವರು ಒಂದೇ ಉಸಿರಿಗೆ ಹೇಳಲಿಲ್ಲ. ಕಾಫಿ ಕುಡಿಯುತ್ತ, ಎಲೆ ಅಡಿಕೆ ಹಾಕಿಕೊಳ್ಳುತ್ತ, ತುಂಡು ತುಂಡಾಗಿ ಹೇಳಿದರು. ನಾನು ಜೋಡಿಸಿಕೊಂಡದ್ದು ಹೀಗೆ.

ಒಕ್ಕಣೆ ಮುಗಿದ ಮೇಲೆ, ಗೊಬ್ಬರಕ್ಕಾಗಿ ಬರಿದಾದ ಹೊಲದಲ್ಲಿ ರಾತ್ರಿ ಕುರಿಹಿಂಡನ್ನು ನಿಲ್ಲಿಸಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಹಿಂಡು ಯಾವ ಜಾಗದಲ್ಲಿ ನಿಲ್ಲಬೇಕೆಂದು ತೋರಿಸಲು ಹೊಲದವನು ಅಲ್ಲಿ ಒಂದು ಬೇವಿನ ಟೊಂಗೆಯನ್ನು ನೆಟ್ಟು ಬರುತ್ತಾನೆ. ಕುರಿಯವರು ಬೇರೇನನ್ನೂ ಕೇಳುವುದಿಲ್ಲ; ಟೊಂಗೆಯಿದ್ದಲ್ಲಿ ಹಿಂಡನ್ನು ತರುಬುತ್ತಾರೆ. ಅಪ್ಪನೂ ಟೊಂಗೆ ನೆಟ್ಟಿದ್ದರು. ಆದರೆ ನೆಟ್ಟದ್ದು ಬದುವಿನ ಆಚೆಗೆ, ತಮ್ಮ ಅಣ್ಣನ ಹೊಲದಲ್ಲಿ. ಬೆಳಗಾಗುವಷ್ಟರಲ್ಲಿ ನಮ್ಮ ಹೊಲಕ್ಕೆ ಬರಬೇಕಾಗಿದ್ದ ಗೊಬ್ಬರವೆಲ್ಲ ದೊಡ್ಡಪ್ಪನ ಹೊಲಕ್ಕೆ ಬಿದ್ದಿತ್ತು.

ಅಣ್ಣತಮ್ಮಂದಿರು ಪಾಲಾಗಿ ಹನ್ನೊಂದು ವರ್ಷವಾಗಿತ್ತು. ಪಾಲಿನ ದಿನ ಒಂದು ಬಾವಿಯ ವಿಷಯಕ್ಕೆ ಮಾತು ನಿಂತದ್ದು ಮತ್ತೆ ಹುಟ್ಟಿರಲಿಲ್ಲ. ಕುರಿಯವರಿಗೆ ಕೊಡಬೇಕಾದ ರಾಗಿಯನ್ನು ಅವ್ವನೇನೋ ಅಳೆದು ಕೊಟ್ಟಳು, ಆದರೆ ದೊಡ್ಡಪ್ಪ ಅದೇ ಕುರಿಯವರ ಬಾಯಲ್ಲಿ ಒಂದು ಮಾತು ಹೇಳಿ ಕಳಿಸಿದ್ದರು: “ಟೊಂಗೆ ನೆಟ್ಟೋನು ಯಾರೋ ಅವ್ನೇ ಬಂದು ಹೇಳ್ಲಿ.”

“ಹೋಗಿ ಹೇಳಬಹುದಿತ್ತಲ್ಲಪ್ಪಾ?” ಎಂದೆ.

“ಹೇಳಾದೇನೋ ಸಲೀಸು. ಊರ ಮುಂದೆ ನಿಂದ್ರಿಸಿ, ‘ನಡಿ ಆಚೆಗೆ’ ಅಂದ್ಬಿಟ್ರೆ? ಇಲ್ಲೀಗಂಟ ಮಾತಿಲ್ಲ ಅಷ್ಟೆ. ಆಮೇಲೆ ಬಾಗ್ಲೇ ಇರಲ್ಲ ಕಣ್ಲೇ.”

ಅವರು ಓಡಿಬಂದದ್ದು ಅವ್ವನಿಗೆ ಹೆದರಿ ಅಲ್ಲವೆಂದು ಆಗ ತಿಳಿಯಿತು. ಕದ ತಟ್ಟದಿರುವವರೆಗೆ ತೆರೆದೀತೆಂಬ ಆಸೆಯಾದರೂ ಇರುತ್ತದೆ. ಆ ಆಸೆಯನ್ನು ಕಂಬಳಿಯ ಜೊತೆ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದರು.

ಶನಿವಾರ ಅವರ ಮನಸ್ಸನ್ನು ಬೇರೆಡೆಗೆ ತಿರುಗಿಸಲೆಂದು, ಅವರೇ ಬಳಸಿದ ನುಡಿಗಟ್ಟನ್ನು ಎತ್ತಿಕೊಂಡೆ. ತಪ್ಪು ಮಾಡಿದವನು ಬೈಗುಳಕ್ಕೆ ಎದುರಾಗುವುದನ್ನು ನಮ್ಮ ಜನ ‘ಮಂಗಳಾರತಿ’ ಎನ್ನುವುದೇಕೆ? ದೇವರಿಗೆ ಸಲ್ಲುವ ಅತ್ಯಂತ ಮಂಗಳಕರವಾದ ಸೇವೆ ಬೈಗುಳದ ಹೆಸರಾದದ್ದು ಹೇಗೆ? ನನ್ನಲ್ಲಿ ಎರಡು ಊಹೆಗಳಿದ್ದವು. ಬೈಗುಳವನ್ನು ಪೂಜೆಯೆಂದೂ ಸಹಸ್ರನಾಮವೆಂದೂ ವ್ಯಂಗ್ಯವಾಗಿ ಕರೆಯುವ ವಾಡಿಕೆಯಿರುವುದರಿಂದ ಇದೂ ಅದೇ ಸಾಲಿಗೆ ಸೇರಿದ್ದೆಂಬುದು ಒಂದು. ಮಂಗಳಾರತಿಯ ಹೊತ್ತಿಗೆ ಗಂಟೆ ಜಾಗಟೆಗಳ ಸದ್ದು ಇಡೀ ಕೇರಿಗೆ ಕೇಳಿಸುವಂತೆ, ಮನೆಯ ಬೈಗುಳವೂ ಕೇಳಿಸುತ್ತದೆಂಬುದು ಇನ್ನೊಂದು. ಅಪ್ಪ ಎರಡನ್ನೂ ತಾಳ್ಮೆಯಿಂದ ಕೇಳಿದರು.

“ನಿಮ್ಮವ್ವನ್ನ ನೋಡಿದ್ರೆ ಎರಡ್ನೇದೇ ಸರಿ ಅನಸ್ತೈತೆ,” ಎಂದು ಮಲಗಿದರು.

ಭಾನುವಾರ ಬೆಳಗ್ಗೆ ತಾವೇ ಎದ್ದು, “ಹೋಗಾಣ ನಡಿ. ನೀನೂ ಬಾ,” ಎಂದರು. ನಮ್ಮೂರಿಗೆ ಹತ್ತಿರವಾಗುವ ಹಿರಿಯೂರಿಗೆ ನೇರವಾದ ಬಸ್ಸಿತ್ತು. ಅಪ್ಪ ಅದನ್ನು ಬಿಟ್ಟು ಹೊಳಲ್ಕೆರೆಯ ಬಸ್ಸು ಹತ್ತಿದರು. ಹೊಳಲ್ಕೆರೆ, ಅಲ್ಲಿಂದ ದುರ್ಗ, ಅಲ್ಲಿಂದ ಐಮಂಗಲ: ದಾರಿ ಉದ್ದವಾದಷ್ಟೂ ಅವರಿಗೆ ಅನುಕೂಲವಾಗಿತ್ತು.

ಹೊಳಲ್ಕೆರೆಯಲ್ಲಿ ಮುಂದಿನ ಬಸ್ಸಿಗೆ ಹೊತ್ತಿತ್ತು. ಬಯಲಿನಲ್ಲಿ ಕುಳಿತಿರುವ ದೊಡ್ಡ ಗಣಪತಿಯ ಬಳಿಗೆ ಹೋದೆವು. ಪೂಜೆ ಮುಗಿದು, ಅರ್ಚಕರು ಆರತಿಯನ್ನು ಸೊಂಡಿಲಿನ ತನಕ ಎತ್ತಿ ಬೆಳಗುತ್ತಿದ್ದರು. ಅಪ್ಪ ಕೈಮುಗಿಯುವುದನ್ನೂ ಮರೆತು ನೋಡುತ್ತಿದ್ದರು.

“ನೋಡ್ಲೇ, ಅಷ್ಟು ಹತ್ರ ಬೆಂಕಿ ಹಿಡಿದ್ರೂ ಮುಖ ತಿರುವಲ್ಲ.”

“ಕಲ್ಲಲ್ವೇನಪ್ಪಾ?”

“ಕಲ್ಲಾದ್ರೇನು? ಇಲ್ಲಿ ಗ್ವಾಡೆ ಐತಾ, ಬಾಗ್ಲೈತಾ? ಓಡೋಗಾ ದೇವ್ರಾಗಿದ್ರೆ ಇಷ್ಟೊತ್ತಿಗೆ ಓಡೋಗಿ ನಿನ್ನ ರೂಮಿನ ಮೆಟ್ಲ ಮೇಲೆ ಕುಂತಿರ್ತಿತ್ತು.”

ಇಬ್ಬರೂ ನಕ್ಕೆವು. ಆರತಿಗೆ ಕೈಚಾಚಿ ಕಣ್ಣಿಗೆ ಒತ್ತಿಕೊಂಡ ಮೇಲೆ ಅವರ ನಡಿಗೆ ತುಸು ಬಿರುಸಾಯಿತು. ದುರ್ಗದಲ್ಲಿ ನಾನು ಊಟ ಮಾಡೋಣವೆಂದರೆ, “ಬಸ್ ಹೋದ್ರೆ?” ಎಂದರು.

ಊರು ಸೇರಿದಾಗ ಬಿಸಿಲು ಇಳಿದಿತ್ತು. ಅವ್ವ ನಿಜಕ್ಕೂ ಬಾಗಿಲಲ್ಲೇ ಇದ್ದಳು.

“ಬರ್ರಿ, ಬರ್ರಿ! ಅಣ್ಣನ ಹೊಲಕ್ಕೆ ಕುರಿ, ಮಗನ ರೂಮಿಗೆ ಸವಾರಿ. ಇನ್ನ ಹೊಲ ಉಳಾದು ಯಾವೂರ್ನಾಗೆ?”

“ತಡಿಯೇ,” ಎಂದರು ಅಪ್ಪ. “ನಿಂದು ಆಮೇಲೆ. ದೊಡ್ಡ ಗುಡೀದು ಮೊದ್ಲಾಗ್ಲಿ.” ಮನೆಯೊಳಕ್ಕೆ ಕಾಲಿಡದೆ, ಕೇರಿಯ ಕೊನೆಯಲ್ಲಿದ್ದ ದೊಡ್ಡಪ್ಪನ ಮನೆಯತ್ತ ನಡೆದೇಬಿಟ್ಟರು. ನಾನೂ ಹಿಂದೆಯೇ ಹೋದೆ.

ದೊಡ್ಡಪ್ಪ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತ ಕುಳಿತಿದ್ದರು. ಅಪ್ಪ ಅಂಗಳದಲ್ಲಿ ನಿಂತು, “ನಾನೇ ಅಣ್ಣ ನೆಟ್ಟಿದ್ದು,” ಎಂದರು.

ಶುರುವಾಯಿತು.

“ಕಣ್ಣಿಲ್ವೇನಲೇ ನಿಂಗೆ? ಎಮ್ಮೆಯಷ್ಟು ಎತ್ರ ಬದು ಐತೆ, ಕಾಣ್ಲಿಲ್ವಾ? ನಾನೇನು ಗೊಬ್ಬರ ಬೇಡಿದ್ನಾ ನಿನ್ನ? ಬಾವಿಗೆ ಜಗಳ ಆಡೋನು, ಗೊಬ್ಬರ ದಾನ ಮಾಡ್ತಾನೆ, ಮಾರಾಜ! ಊರೆಲ್ಲ ನಗ್ತೈತೆ. ಹೇಳ್ಕಳ್ಸಿದ್ರೆ ಹೊಸದುರ್ಗಕ್ಕೆ ಓಡೋಗ್ತೀಯಾ?”

ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತರು. ಅಪ್ಪ ಮುಖ ತಿರುಗಿಸಲಿಲ್ಲ. ಉಸಿರು ತೆಗೆದುಕೊಳ್ಳಲು ದೊಡ್ಡಪ್ಪ ನಿಲ್ಲಿಸಿದಾಗ ಮಾತ್ರ ಮೆಲ್ಲಗೆ ಹೇಳಿದರು:

“ಅಪ್ಪಯ್ಯ ನೆಡ್ತಿದ್ದ ತಾವ ನೆಟ್ಟೆ ಅಣ್ಣ. ಟೊಂಗೆ ಹಿಡ್ಕಂಡು ಹೊಂಟೆ, ಕಾಲು ತಾವೇ ಅಲ್ಲಿಗೆ ಹೋದ್ವು. ಬದು ದಾಟಿದ್ದೇ ಗೊತ್ತಾಗ್ಲಿಲ್ಲ.”

ಹಗ್ಗ ದೊಡ್ಡಪ್ಪನ ಕೈಯಲ್ಲೇ ನಿಂತಿತು. ಹೊಲ ಒಂದಾಗಿದ್ದಾಗ ನಮ್ಮ ತಾತ ಪ್ರತಿವರ್ಷವೂ ಮೊದಲ ಟೊಂಗೆಯನ್ನು ಅಲ್ಲೇ ನೆಡುತ್ತಿದ್ದರಂತೆ. ಇಬ್ಬರು ಮಕ್ಕಳೂ ಅವರ ಹಿಂದೆ ಸೊಪ್ಪು ಹಿಡಿದುಕೊಂಡು ಹೋಗುತ್ತಿದ್ದರಂತೆ. ನನಗೆ ಇದು ತಿಳಿದದ್ದು ಆಮೇಲೆ. ದೊಡ್ಡಪ್ಪನಿಗೆ ಟೊಂಗೆಯನ್ನು ಕಂಡ ಬೆಳಗ್ಗೆಯೇ ತಿಳಿದಿತ್ತು. ಅದನ್ನು ಅವರು ಕಿತ್ತಿರಲೂ ಇಲ್ಲ.

“ನೋಡೇ ಇವ್ನ,” ಎಂದು ಅವರು ಒಳಕ್ಕೆ ಕೂಗಿದರು, ಧ್ವನಿ ಇನ್ನೂ ಬೈಗುಳದ್ದೇ. “ಅಂಗಳದಾಗೆ ನಿಂತು ಬೈಸ್ಕಂತಾನೆ. ಒಳಕ್ಕೆ ಬಾ ಅಂತ ಇವ್ನಿಗೆ ಬೇರೆ ಹೇಳ್ಬೇಕಾ?”

ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತ ಕೈಕಾಲಿಗೆ ನೀರು ತಂದರು. “ಕುಂತ್ಕಳ್ರಿ ಮೈದುನೋರೆ. ಮುದ್ದೆ ಈಗ್ತಾನೆ ಕಟ್ಟೀನಿ.”

ಉಣ್ಣುತ್ತ ಕುಳಿತಾಗ, ಯಾವ ನಿಘಂಟೂ ನನಗೆ ಹೇಳದಿದ್ದ ಮೂರನೆಯ ಊಹೆಯೊಂದು ಹೊಳೆಯಿತು. ಹನ್ನೊಂದು ವರ್ಷಗಳಲ್ಲಿ ದೊಡ್ಡಪ್ಪ ಅಪ್ಪನನ್ನು ಒಮ್ಮೆಯೂ ಬೈದಿರಲಿಲ್ಲ. ಪೂಜೆ ನಿಂತುಹೋದ ಗುಡಿಯಲ್ಲಿ ಯಾರೂ ಆರತಿ ಎತ್ತುವುದಿಲ್ಲ; ಬೇಕಾದ ದೇವರ ಮುಖಕ್ಕೇ ಬೆಂಕಿಯನ್ನು ಅಷ್ಟು ಹತ್ತಿರ ಹಿಡಿಯುವುದು. ಈ ನುಡಿಗಟ್ಟಿನ ಮೂಲ ಇದೇ ಎಂದು ಸಾಧಿಸಲು ನನ್ನಲ್ಲಿ ಆಧಾರವಿಲ್ಲ. ತರಗತಿಯಲ್ಲಿ ಮಾತ್ರ ಮುಂದೆಲ್ಲ ಇದನ್ನೇ ಹೇಳಿದೆ.

ಸಂಜೆ ದೊಡ್ಡಪ್ಪ ಹೊಸ ಟೊಂಗೆ ಮುರಿದುಕೊಂಡು ಎದ್ದರು. ಅಪ್ಪನನ್ನು ಕರೆದುಕೊಂಡು ಹೋಗಿ, ಬದು ದಾಟಿ, ಅದನ್ನು ನಮ್ಮ ಹೊಲದಲ್ಲಿ ತಮ್ಮ ಕೈಯಾರೆ ನೆಟ್ಟು, ಬುಡವನ್ನು ಹಿಮ್ಮಡಿಯಿಂದ ತುಳಿದು ಗಟ್ಟಿಮಾಡಿದರು. ಕುರಿಗಳು ಆಗಲೇ ದಿಣ್ಣೆಯಿಂದ ಇಳಿಯುತ್ತಿದ್ದವು. ಅಂದು ೧೯೭೫ನೆಯ ಇಸವಿ, ಮಾರ್ಚ್ ೨೩, ಭಾನುವಾರ.