ಕರಿ ಕೋಟಿನ ರಾಚಮ್ಮ ವಿಧಾನಸಭೆಗೆ ಹೋದದ್ದು

ದೊಡ್ಡಗಾಜನೂರಿನ ರಾಚಮ್ಮ ವಕೀಲಿಕೆ ಓದಿ, ಕರಿ ಕೋಟು ತೊಟ್ಟು ಊರಿಗೆ ಬಂದ ದಿನ ಅವಳವ್ವ ಮಾದೇವಮ್ಮ ಪ್ರಭುಸ್ವಾಮಿಯವರ ಅರಿಸಿನದ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಮಗಳನ್ನು ಮೇಲಿಂದ ಕೆಳಗೆ ನೋಡಿ, "ಈ ಬಿಸ್ಲಲ್ಲಿ ಅದ್ಯಾಕಮ್ಮಿ, ಕಂಬ್ಳಿ ಸುತ್ಕಂಡಂಗೆ? ಬಿಚ್ಚಾಕು," ಅಂದಳು. ಮಾತು ಕನ್ನಡವಾದರೂ ಆಡಳಿತ, ಕೋರ್ಟು ಎಲ್ಲ ತಮಿಳಿನದಾದ ತಾಳವಾಡಿ ಬೆಟ್ಟದ ಮೊದಲ ಹೆಣ್ಣು ವಕೀಲೆಗೆ ಸಿಕ್ಕ ಸನ್ಮಾನ ಅಷ್ಟೇ.

ಮೊದಲ ಕೇಸೂ ಆ ಹೊಲದ್ದೇ. ರಾಚಮ್ಮನ ಕೇರಿಯವರು ಸ್ಮಶಾನಕ್ಕೆ ಹೋಗುವ ದಾರಿಗೆ ಪ್ರಭುಸ್ವಾಮಿ ಬೇಲಿ ಹಾಕಿದ್ದರು. ಅವ್ವನಿಗೆ ಕೂಲಿ ಕೊಡುವವರ ಮೇಲೆ ಕೇಸು ಹಾಕಲು ರಾಚಮ್ಮ ಹಿಂದುಮುಂದು ನೋಡಿದಳು. ಆದರೂ ಹಾಕಿದಳು. ಅವಳ ತಮಿಳು ಕೇಳಿ ಎದುರು ವಕೀಲರು ಮೂರು ವರ್ಷ ನಕ್ಕರು, ಆಮೇಲೆ ಸೋತರು. ಬೇಲಿ ಹೋಯಿತು.

ಮರುವಾರ ಪ್ರಭುಸ್ವಾಮಿಯೇ ಅವಳ ಬಾಗಿಲಿಗೆ ಬಂದರು. ಬೈಯಲು ಬಂದರೆಂದುಕೊಂಡು ರಾಚಮ್ಮ ಎದ್ದು ನಿಂತಳು.

"ನಮ್ಮಣ್ಣನ್ ಮ್ಯಾಲೆ ಪಾಲಿನ ಕೇಸು ಆಕ್ಬೇಕು ಕಣವ್ವ. ನನ್ನ ಸೋಲ್ಸಿದೋಳ್ನ ಬುಟ್ಟು ಇನ್ಯಾರ್ ತಾವ ಓಗ್ಲಿ?"

ಮಾದೇವಮ್ಮ ಕಾಫಿ ತಂದಿಟ್ಟಳು. ಆ ಕೇರಿಯಲ್ಲಿ ಅವರು ಯಾವತ್ತೂ ನೀರು ಕೂಡ ಮುಟ್ಟಿದವರಲ್ಲ. ಲೋಟವನ್ನು ಬಹಳ ಹೊತ್ತು ನೋಡಿದರು, ಕೊನೆಗೆ ಕುಡಿದರು. ಸಕ್ಕರೆ ಕಮ್ಮಿ ಅಂತ ಬೇರೆ ಹೇಳಿದರು.

ಆಮೇಲೆ ಚುನಾವಣೆ. ಎರಡು ಸಲ ಸೋತು ಮೂರನೆಯ ಸಲ ಗೆದ್ದ ರಾಚಮ್ಮ ಚೆನ್ನೈಗೆ ಹೋದಳು. ವಿಧಾನಸಭೆಯಲ್ಲಿ ಮೊದಲ ಭಾಷಣ. ತಾಳಮಲೆ ಕಡೆಯ ಹುಡುಗಿಯರು ಹೈಸ್ಕೂಲು ಬಿಟ್ಟ ಮೇಲೆ ಆನೆ ಓಡಾಡುವ ದಾರಿಯಲ್ಲಿ ನಡೆದು ಹೋಗುತ್ತಾರೆ, ಸಂಜೆಗೊಂದು ಬಸ್ಸು ಬೇಕು ಎಂದು ವಾರವೆಲ್ಲ ಬಾಯಿಪಾಠ ಮಾಡಿದ ತಮಿಳಿನಲ್ಲಿ ಹೇಳುತ್ತಿದ್ದಳು. ನಡುವೆ ಒಬ್ಬ ಸದಸ್ಯರು, "ಆನೆಗೂ ಟಿಕೆಟ್ ಕೊಡಿಸಬೇಕೇ?" ಎಂದು ಕಿಚಾಯಿಸಿದರು.

ಕಲಿತ ತಮಿಳೆಲ್ಲ ಹಾರಿಹೋಯಿತು. "ಮುಚ್ಕಂಡ್ ಕೂತ್ಕಳ್ಲಾ!" ಅಂದಳು ರಾಚಮ್ಮ.

ಸಭಾಧ್ಯಕ್ಷರು ಅದರ ಅರ್ಥ ಕೇಳಿದರು. ವಕೀಲೆಯಲ್ಲವೇ, ಮುಖ ಒಂದಿಷ್ಟೂ ಕದಲಿಸದೆ ತಮಿಳಿನಲ್ಲಿ ಉತ್ತರ ಕೊಟ್ಟಳು: "ಗೌರವಾನ್ವಿತ ಸದಸ್ಯರು ದಯವಿಟ್ಟು ಕುಳಿತುಕೊಳ್ಳಬೇಕೆಂದು ವಿನಂತಿ."

ಕನ್ನಡ ಬಲ್ಲ ಗಡಿ ಸೀಮೆಯ ಸದಸ್ಯರೊಬ್ಬರು ಮೇಜಿನ ಕೆಳಗೆ ಪೆನ್ನು ಹುಡುಕುವವರಂತೆ ಬಗ್ಗಿಬಿಟ್ಟರು.

ಎಂಟು ತಿಂಗಳಿಗೆ ಬಸ್ಸು ಬಂತು. ಮೊದಲ ಸಂಜೆ ರಾಚಮ್ಮನೂ ಹುಡುಗಿಯರ ಜೊತೆ ಹತ್ತಿದಳು. ಸೀಟೆಲ್ಲ ಭರ್ತಿ. ಶಾಸಕಿ ಎಂದು ಯಾರಾದರೂ ಎದ್ದು ಜಾಗ ಕೊಟ್ಟಾರೆಂದು ಕಂಬ ಹಿಡಿದು ಸ್ವಲ್ಪ ಹೊತ್ತು ಕಾದಳು. ಕೊನೆಗೆ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಕೈ ಚಾಚಿದಳು.

"ಬ್ಯಾಗ್ ಕೊಡಕ್ಕ, ನಾನಿಡ್ಕತೀನಿ."

ಜಾಗ ಮಾತ್ರ ಬಿಡಲಿಲ್ಲ.